ಒಳಗೆ ಮೊದಲೇ ಯಾರೋ ಕೂತಿದ್ದರು

ಹೋದ ವರ್ಷ ಮೇ ತಿಂಗಳ ಕೊನೆಯ ವಾರ. ಖಾನಾಪುರದಲ್ಲಿ ನನ್ನ ಬಸುರಿ ತಂಗಿ ಸುನಂದಾಳ ಕುಬಸ, ಅಂದರೆ ಸೀಮಂತ, ಇತ್ತು. ಬೆಳಗಾವಿಯ ಖಾಸಬಾಗದಿಂದ ಅವ್ವ ಮತ್ತು ನಾನು ಬೆಳಗಿನ ಬಸ್ಸಿಗೇ ಹೊರಟೆವು. ರವಿವಾರ ಪೇಟೆಯಲ್ಲಿ ಕೊಂಡ ಒಣಹಣ್ಣಿನ ಪೊಟ್ಟಣ, ಹಸಿರು ಬಳೆ, ಕುಂದಾದ ಡಬ್ಬಿ ಎಲ್ಲವನ್ನೂ ತೊಡೆಯ ಮೇಲಿಟ್ಟುಕೊಂಡು, ಹೊಸ ಶಹಾಪುರ ಸೀರೆಯ ನೆರಿಗೆ ಕೆಡಬಾರದೆಂದು ನಾನು ಇಡೀ ದಾರಿ ಗೊಂಬೆಯ ಹಾಗೆ ಕೂತಿದ್ದೆ.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಬೆಳಗಾವಿ ಕೋಟೆಯ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿ ನಾನು ಡೇಟಾಬೇಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಅಂಗಡಿ, ಆಸ್ಪತ್ರೆಗಳ ಮಾಹಿತಿಯೆಲ್ಲ ಒಂದು ಯಂತ್ರದಲ್ಲಿ ಕೂಡಿಟ್ಟಿರುತ್ತದಲ್ಲ, ಅದನ್ನು ಯಾರು ತೆರೆಯಬಹುದು, ಯಾರು ಬರೀ ಓದಬಹುದು, ಯಾರು ತಿದ್ದಬಹುದು ಎಂದು ಗೊತ್ತುಮಾಡುವುದು ನನ್ನ ದಿನದ ಕೆಲಸ. ಇದನ್ನು ಬಂಧುಗಳಿಗೆ ತಿಳಿಸಿ ಹೇಳುವುದರಲ್ಲಿ ನಾನು ಇಂದಿಗೂ ಗೆದ್ದಿಲ್ಲ. ಖಾನಾಪುರದಲ್ಲಿರುವ ನನ್ನ ಸೋದರಮಾವ ಜಿನ್ನಪ್ಪನ ಪಾಲಿಗಂತೂ ನಾನು ‘ಕಂಪ್ಯೂಟರ್ ಡಾಕ್ಟರ್’. ಮೊಬೈಲ್ ಚಾರ್ಜ್ ಆಗದಿದ್ದರೂ ಅವನು ನನಗೇ ಫೋನ್ ಮಾಡುತ್ತಾನೆ, ಟಿ.ವಿ. ರಿಮೋಟ್ ಕೆಟ್ಟರೂ ನನಗೇ.

ಕುಬಸ ಚೆನ್ನಾಗಿ ನಡೆಯಿತು. ಸುನಂದಾಳಿಗೆ ಬಳೆ ತೊಡಿಸಿದೆವು, ಉಡಿ ತುಂಬಿದೆವು, ಹಾಡು ಹೇಳಿದೆವು. ಪಂಕ್ತಿಯಲ್ಲಿ ಕೂತೆವು. ನನ್ನ ಎಲೆಗೆ ಹೋಳಿಗೆ ಬಿತ್ತು. ತುಪ್ಪದವರು ಎರಡು ಎಲೆಯಾಚೆ ಇದ್ದರು. ಅಷ್ಟರಲ್ಲಿ ಎದುರು ಸಾಲಿನಲ್ಲಿ ಕೂತಿದ್ದ ಜಿನ್ನಪ್ಪ ಮಾವನ ಫೋನು ಹೊಡೆಯಿತು.

“ಏನ್ ಹೇಳ್ತೀರಿ ದೇಸಾಯ್ರ! ಬೆಳಿಗ್ಗಿಂದ?” ಎಂದು ಮಾವ ದೊಡ್ಡ ದನಿ ತೆಗೆದ. ಆಮೇಲೆ ನನ್ನ ಕಡೆ ನೋಡಿದ. ಆ ನೋಟ ನನಗೆ ಹಳೆಯ ಪರಿಚಯ. “ಚಿಂತಿ ಬಿಡ್ರಿ. ನಮ್ಮ ಪದ್ಮಾ ಇಲ್ಲೇ ಅದಾಳ. ಬೆಳಗಾವ್ಯಾಗ ಇದ ಕೆಲಸ ಮಾಡ್ತಾಳ. ಈಗ ಕರ್ಕೊಂಡ ಬಂದೆ.”

“ಎಲಿ ಬಿಟ್ಟ ಏಳಬಾರದು” ಎಂದು ಅವ್ವ ಗದರಿದಳು.

“ಹೋಳಿಗಿ ಎಲ್ಲೂ ಓಡಿ ಹೋಗಂಗಿಲ್ಲಕ್ಕಾ. ಅಲ್ಲೆ ಮಂದಿ ಕಣ್ಣಾಗ ಔಷಧ ಹಾಕ್ಕೊಂಡ ಕುಂತಾರ” ಎಂದ ಮಾವ.

ಆ ಮಾತು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾವನ ಸ್ಕೂಟರ್ ಹಿಂದೆ ಒಂದು ಮಗ್ಗುಲಾಗಿ ಕೂತೆ.

ಊರ ಅಂಚಿನಲ್ಲಿರುವ ಆ ಕಣ್ಣಿನ ಆಸ್ಪತ್ರೆ ಧರ್ಮಾರ್ಥವಾಗಿ ನಡೆಯುವಂಥದು. ಒಳಗೆ ಕಾಲಿಟ್ಟರೆ ದೊಡ್ಡ ಹಜಾರ, ಹಜಾರದ ತುಂಬ ಮುದುಕರು, ಮುದುಕಿಯರು. ಎಲ್ಲರ ಕೊರಳಲ್ಲೂ ದಾರಕ್ಕೆ ಕಟ್ಟಿದ ನಂಬರಿನ ಚೀಟಿ. ಹಣೆಯ ಮೇಲೆ ಎಡಕ್ಕೋ ಬಲಕ್ಕೋ ಒಂದು ಅಂಟುಪಟ್ಟಿ, ಯಾವ ಕಣ್ಣು ಎನ್ನುವ ಗುರುತು. ಕಾಡಿನಂಚಿನ ಹಳ್ಳಿಗಳಿಂದ, ಜಾಂಬೋಟಿ ಕಡೆಯಿಂದ, ಅವರನ್ನೆಲ್ಲ ಜೀಪುಗಳಲ್ಲಿ ಕರೆತಂದಿದ್ದರು. ಗೋಡೆಯ ಮೇಲಿನ ಟಿ.ವಿ.ಯಲ್ಲಿ ‘ಟೋಕನ್ 1’ ಎಂಬ ಅಕ್ಷರ ಬೆಳಿಗ್ಗೆಯಿಂದ ಕದಲದೆ ನಿಂತಿತ್ತು.

ಮ್ಯಾನೇಜರ್ ದೇಸಾಯಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಅಚ್ಚುಕಟ್ಟಿನ ಮನುಷ್ಯ. ನನ್ನ ಸೀರೆ, ಮುಡಿದ ಮಲ್ಲಿಗೆ ನೋಡಿ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದರು. ಇವರೆಲ್ಲರ ಕಣ್ಣಿನ ಪೊರೆ ತೆಗೆಯಬೇಕು. ಪ್ರತಿಯೊಬ್ಬರ ಕಣ್ಣೊಳಗೆ ಯಾವ ಅಳತೆಯ ಲೆನ್ಸ್ ಕೂರಿಸಬೇಕು ಎಂಬುದನ್ನು ಹಳ್ಳಿಗಳಿಗೆ ಹೋಗಿ ಮೊದಲೇ ಅಳೆದು ತಂದಿದ್ದಾರೆ. ಆ ಅಳತೆಗಳೆಲ್ಲ ಸರ್ವರ್‌ನಲ್ಲಿವೆ. ಸರ್ವರ್ ಇವತ್ತು ಯಾರನ್ನೂ ಒಳಗೆ ಬಿಡುತ್ತಿಲ್ಲ.

“ಪ್ರಿಂಟ್ ಇಲ್ಲೇನ್ರಿ?” ಎಂದೆ.

“ಕಾಗದ ಉಳಿಸೂಣು ಅಂತ ಈ ಸಲ ತಗೀಲಿಲ್ರಿ” ಎಂದರು, ನೆಲ ನೋಡುತ್ತ.

“ಇನ್ನೊಮ್ಮೆ ಅಳೀಬಹುದಲ್ಲ?”

“ಅಳತಿ ಮಷೀನ್ ಬ್ಯಾರೆ ಜಿಲ್ಲಾದ ಶಿಬಿರಕ್ಕ ಹೋಗೇತ್ರಿ.”

ಬಾಗಿಲಲ್ಲಿ ಶಸ್ತ್ರಚಿಕಿತ್ಸೆಯ ಹಸಿರು ಬಟ್ಟೆ ತೊಟ್ಟ ಡಾಕ್ಟರ್ ನಿಂತಿದ್ದರು. ಹೊರಗಿನಿಂದ ಬಂದವರು, ನಾಳೆ ಮಧ್ಯಾಹ್ನ ಹೊರಡಬೇಕಿತ್ತು. “ಅಳತಿ ಇಲ್ಲದ ನಾ ಕೈ ಹಚ್ಚಂಗಿಲ್ಲ. ಇವತ್ತ ಆಗಲಿಲ್ಲಂದ್ರ ಮಳಿಗಾಲ ಮುಗದ ಮ್ಯಾಲ ನೋಡಬೇಕ” ಎಂದರು ಮೆಲ್ಲಗೆ. ಮಳೆ ಹಿಡಿಯಲು ಇನ್ನು ಕೆಲವೇ ದಿನ. ಹಿಡಿಯಿತೆಂದರೆ ಆ ಕಾಡುದಾರಿಗಳಲ್ಲಿ ಜೀಪು ಓಡುವುದು ಕಷ್ಟ. ಹಾಗೆಂದರೆ ಹಜಾರದಲ್ಲಿ ಕೂತವರು ಇನ್ನೂ ನಾಲ್ಕೈದು ತಿಂಗಳು ಮಬ್ಬಿನಲ್ಲೇ ಇರಬೇಕು.

ಸರ್ವರ್ ಇದ್ದುದು ಮೆಟ್ಟಿಲ ಕೆಳಗಿನ ಒಂದು ಪುಟ್ಟ ಕೋಣೆಯಲ್ಲಿ. ಎ.ಸಿ. ಚಳಿಗೆ ಸೆರಗು ಹೊದ್ದು ಕೂತು ನೋಡತೊಡಗಿದೆ. ಕಾರಣ ಬೇಗ ಸಿಕ್ಕಿತು. ಆ ಡೇಟಾಬೇಸ್‌ಗೆ ಪೂರ್ತಿ ಅಧಿಕಾರ ಇದ್ದದ್ದು ಒಬ್ಬರೇ ಒಬ್ಬರಿಗೆ, ವರ್ಷಗಟ್ಟಲೆ ಅದನ್ನು ಸಾಕಿದ ಜೋಶಿ ಎಂಬ ಹಿರಿಯರಿಗೆ. ಆಸ್ಪತ್ರೆಯ ತಂತ್ರಾಂಶ ಕೂಡ ಅವರ ಹೆಸರಿನಲ್ಲೇ ಒಳಗೆ ಹೋಗುತ್ತಿತ್ತು. ಜೋಶಿಯವರು ಹಿಂದಿನ ವಾರವಷ್ಟೇ ನಿವೃತ್ತರಾಗಿದ್ದರು.

“ಅವರ ಲಾಗಿನ್ ಎಲ್ಲಿ ಹೋತ್ರಿ?” ಎಂದೆ.

ದೇಸಾಯಿಯವರ ಮುಖ ಕೆಂಪಾಯಿತು. “ನಾನ ತಗದೆನ್ರಿ. ನಿವೃತ್ತಿ ಆದವರ ಹೆಸರ ಎಲ್ಲಾ ಕಡೆಯಿಂದ ತಗೀಬೇಕಂತ ನಿಯಮ ಐತಿ. ನಿನ್ನಿ ಸಂಜಿಮುಂದ ತಗದ ಮನಿಗೆ ಹೋದೆ.”

ನಿಯಮ ಸರಿಯೇ. ಆದರೆ ಮನೆಗೆ ಒಂದೇ ಕೀಲಿಕೈ ಇದ್ದು, ಅದನ್ನು ಭದ್ರವಾಗಿರಲೆಂದು ಬಾವಿಗೆ ಹಾಕಿದ ಹಾಗಾಗಿತ್ತು. ಇನ್ನೊಂದು ಮೂಲ ಖಾತೆ ಇತ್ತಾದರೂ, ಬೆಳಿಗ್ಗೆಯಿಂದ ಎಲ್ಲರೂ ಸರದಿಯಂತೆ ಊಹೆಯ ಪಾಸ್‌ವರ್ಡ್ ಒತ್ತಿ ಒತ್ತಿ ಅದೂ ಮುಚ್ಚಿಹೋಗಿತ್ತು. ಜೋಶಿಯವರಿಗೆ ಫೋನ್ ಮಾಡಿದೆವು. ಅವರು ಚಾರ್‌ಧಾಮ ಯಾತ್ರೆಗೆ ಹೋಗಿದ್ದರು. ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಹೆಣ್ಣುದನಿ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಇಂಥ ಹೊತ್ತಿಗೆಂದೇ ಒಂದು ದಾರಿ ಇದೆ. ಡೇಟಾಬೇಸ್ ನಿಲ್ಲಿಸಿ, ‘ಒಬ್ಬರಿಗೆ ಮಾತ್ರ ಪ್ರವೇಶ’ ಎಂಬ ವಿಶೇಷ ರೀತಿಯಲ್ಲಿ ಮತ್ತೆ ಶುರು ಮಾಡಬೇಕು. ಆಗ ಆ ಯಂತ್ರದ ಮೇಲೆ ಅಧಿಕಾರ ಇರುವವರು ಒಳಗೆ ಹೋದರೆ ಅದು ಅವರನ್ನು ಯಜಮಾನರೆಂದೇ ಒಪ್ಪಿಕೊಳ್ಳುತ್ತದೆ. ಯಂತ್ರದ ಪಾಸ್‌ವರ್ಡ್ ಅದೃಷ್ಟಕ್ಕೆ ದೇಸಾಯಿಯವರ ಬಳಿ ಇತ್ತು. ಆದರೆ ನಾನು ಹೊರಗಿನವಳು, ಇದು ರೋಗಿಗಳ ಮಾಹಿತಿ. ಅನುಮತಿ ಬರೆದು ಕೊಡಿ, ನಾನು ಕೆಲಸ ಮಾಡುವಾಗ ಪಕ್ಕದಲ್ಲೇ ಕೂತಿರಿ ಎಂದೆ. ಅವರು ಕೂಡಲೇ ಒಪ್ಪಿ, ಮೊಹರು ಹಾಕಿ ಕೊಟ್ಟರು. ಡೇಟಾಬೇಸ್ ನಿಲ್ಲಿಸಿ, ಎಲ್ಲದರ ಒಂದು ನಕಲು ಬೇರೆ ಡಿಸ್ಕಿಗೆ ಇಳಿಸಿಕೊಂಡೆ. ಕೆಟ್ಟರೂ ಮರಳಿ ಬರಲು ಒಂದು ಹಾದಿ ಇರಬೇಕಲ್ಲ.

ಆಮೇಲೆ ವಿಶೇಷ ರೀತಿಯಲ್ಲಿ ಶುರು ಮಾಡಿದೆ. ಒಳಗೆ ಹೋಗಲು ನೋಡಿದೆ. ಪರದೆಯ ಮೇಲೆ ಉತ್ತರ ಬಂತು: ಒಬ್ಬರು ಮಾತ್ರ ಒಳಗಿರಬಹುದು, ಈಗಾಗಲೇ ಒಬ್ಬರಿದ್ದಾರೆ.

ಅದೇ ಹೊತ್ತಿಗೆ ಹೊರಗೆ ಹಜಾರದಲ್ಲಿ ಜೋರಾಗಿ ಚಪ್ಪಾಳೆ ಬಿತ್ತು. ಯಾರೋ ಗಣ್ಯರು ಬಂದಿರಬೇಕೆಂದುಕೊಂಡೆ.

ಯಾರು ನನಗಿಂತ ಮೊದಲು ಹೋಗಿ ಕೂತವರು? ದೇಸಾಯಿಯವರನ್ನು ಓಡಿಸಿ, ನೋಂದಣಿ ಕೌಂಟರಿನ ಕಂಪ್ಯೂಟರ್ ಬಂದ್ ಮಾಡಿಸಿದೆ. ಡೇಟಾಬೇಸ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಅದೇ ಉತ್ತರ. ಹೊರಗೆ ಅದೇ ಚಪ್ಪಾಳೆ. ಔಷಧದ ಅಂಗಡಿಯ ಕಂಪ್ಯೂಟರ್ ಬಂದ್ ಮಾಡಿಸಿದೆ, ಲ್ಯಾಬಿನದು ಬಂದ್ ಮಾಡಿಸಿದೆ, ದೇಸಾಯಿಯವರ ಸ್ವಂತ ಲ್ಯಾಪ್‌ಟಾಪನ್ನೂ ಬಿಡಲಿಲ್ಲ. ಊಹೂಂ. ಒಂದೇ ಕುರ್ಚಿ, ನಾನು ಹೋಗುವಷ್ಟರಲ್ಲಿ ಯಾರೋ ಟವೆಲ್ ಹಾಸಿ ಕೂತಿರುತ್ತಿದ್ದರು. ಕುಬಸದ ಮನೆಯಲ್ಲಿ ಮಾವ ಹೊಗಳಿದ್ದ ಕಂಪ್ಯೂಟರ್ ಡಾಕ್ಟರಿಗೆ ರೋಗವೇ ಗೊತ್ತಾಗುತ್ತಿರಲಿಲ್ಲ.

ನೀರು ಕುಡಿಯಲೆಂದು ಹಜಾರಕ್ಕೆ ಬಂದೆ. ಗೋಡೆಯ ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಬೆರಳಿನಿಂದ ಅಂಚು ಸವರಿ, “ಶಹಾಪುರದ್ದೇನ?” ಎಂದಳು.

“ಹೌದಾಯಿ. ಕಣ್ಣ ಕಾಣತಾವೇನ್ರಿ ನಿಮಗ?”

“ಕಣ್ಣ ಯಾಕ ಬೇಕಗ ಪೋರಿ, ಕೈ ಹೇಳತೈತಿ. ಉಂಡೀಯೇನ?”

ಹೋಳಿಗೆ ಎಲೆಯಲ್ಲೇ ಬಿಟ್ಟು ಬಂದ ಕತೆ ಹೇಳಿದೆ. ಅವಳು ಬಾಯಿ ತುಂಬ ನಕ್ಕಳು. ಹೆಸರು ತುಳಸಾಬಾಯಿ. ಜಾಂಬೋಟಿಯಾಚೆಯ ಹಳ್ಳಿಯವಳು, ಎಮ್ಮೆ ಸಾಕುವ ಮನೆ. ಮಾತಿನಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಬಟ್ಟೆಯ ಗಂಟು ಬಿಚ್ಚಿ ಅಕ್ಕಿ ರೊಟ್ಟಿ, ಮೇಲೊಂದು ಬೆಲ್ಲದ ಹೆಂಟೆ ಇಟ್ಟು ಕೈಗೆ ತುರುಕಿದಳು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ, ಹಸಿವೆಯೂ ಆಗಿತ್ತು. ಮದುವೆ ಮನೆಗೆ ಹೋಗುವಂಥ ಸೀರೆಯುಟ್ಟು, ಆಸ್ಪತ್ರೆಯ ನೆಲದ ಮೇಲೆ ಕೂತು ರೊಟ್ಟಿ ಮುರಿದೆ.

“ಆವಾಗಿಂದ ಚಪ್ಪಾಳಿ ಯಾಕ ಹೊಡೀತೀರಿ ಎಲ್ಲಾರೂ?” ಎಂದು ಸುಮ್ಮನೆ ಮಾತಿಗೆ ಕೇಳಿದೆ.

ತುಳಸಾಬಾಯಿಯ ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಅವಳ ಗಂಡ ವಿಠೋಬಾ ಅಜ್ಜ ಟಿ.ವಿ. ಕಡೆ ಕೈ ತೋರಿಸಿದ. “ಅದ ಹೋಗಿಬಿಡತೈತ್ರಿ ಬಾಯಿ. ಕರೆಂಟ್ ಹೋತಂತ ಕುಂದರತೀವಿ. ಮತ್ತ ಹತ್ತತೈತಿ, ನಂಬರ್ ಬರತೈತಿ. ಪಾಳಿ ಬಂತಂತ ಚಪ್ಪಾಳಿ ಹೊಡದ ಎದ್ದ ನಿಲ್ಲತೀವಿ. ಮತ್ತ ಹೋಗತೈತಿ. ನಾಕ ಸಲ ಎದ್ದ ಕುಂತ ಮೊಣಕಾಲ ನೋಯಾಕ ಹತ್ಯಾವ.”

ರೊಟ್ಟಿ ಕೈಯಲ್ಲೇ ಉಳಿಯಿತು. ಆ ಟಿ.ವಿ.ಗೆ ನಂಬರ್ ಎಲ್ಲಿಂದ ಬರುತ್ತದೆ? ಡೇಟಾಬೇಸ್‌ನಿಂದ. ಎದ್ದು ಹೋಗಿ ಟಿ.ವಿ. ಹಿಂದೆ ಇಣುಕಿದೆ. ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ ಗೋಡೆಗೆ ಅಂಟಿಕೊಂಡು ಕೂತಿತ್ತು. ಅದೂ ಒಂದು ಕಂಪ್ಯೂಟರೇ. ಬರೀ ನಂಬರ್ ಓದಲು ಅದಕ್ಕೆ ಬೇರೆಯದೇ ಖಾತೆ ಇತ್ತು, ಅದನ್ನು ಯಾರೂ ತೆಗೆದಿರಲಿಲ್ಲ. ಡೇಟಾಬೇಸ್ ಕಣ್ಣು ಬಿಟ್ಟ ಕೂಡಲೇ ಎಲ್ಲರಿಗಿಂತ ಮೊದಲು ಓಡಿಹೋಗಿ ಆ ಒಂದೇ ಕುರ್ಚಿಯಲ್ಲಿ ಕೂರುತ್ತಿದ್ದದ್ದು ಅದೇ!

ಖಾತ್ರಿ ಮಾಡಿಕೊಳ್ಳಲು ಮಾವನನ್ನು ಹಜಾರದಲ್ಲಿ ನಿಲ್ಲಿಸಿ ಒಳಗಿನಿಂದ ಡೇಟಾಬೇಸ್ ನಿಲ್ಲಿಸಿದೆ. “ಹೋತು!” ಎಂದು ಮಾವನ ಗಂಟಲು ಇಡೀ ಆಸ್ಪತ್ರೆಗೆ ಕೇಳಿಸಿತು. ಶುರು ಮಾಡಿದೆ. “ಬಂತು!” ಜೊತೆಗೆ ಚಪ್ಪಾಳೆ.

ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಆದರೆ ನಾನು ಸ್ಟೂಲ್ ಹತ್ತಿ ಪೆಟ್ಟಿಗೆಯ ವಯರಿಗೆ ಕೈ ಹಾಕಿದ್ದೇ ತಡ, ಹಜಾರದಲ್ಲಿ ದೊಂಬಿಯೇ ಎದ್ದಿತು. “ಟಿ.ವಿ. ತಗೀಬ್ಯಾಡ್ರೀ! ನಮ್ಮ ಪಾಳಿ ಹೋಗತೈತಿ!” “ಬೆಳಿಗ್ಗಿಂದ ಕುಂತೇವಿ, ನಂಬರ್ ಅಳಸ್ತೀರೇನು?” ಒಬ್ಬ ಅಜ್ಜನಂತೂ ಕೋಲು ಹಿಡಿದು ಎದ್ದೇ ಬಂದ. ನಾನು ಸ್ಟೂಲಿನ ಮೇಲೆ, ಒಂದು ಕೈಯಲ್ಲಿ ವಯರು, ಇನ್ನೊಂದರಲ್ಲಿ ಸೀರೆಯ ನೆರಿಗೆ. ದೇಸಾಯಿಯವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತುಳಸಾಬಾಯಿ ಕೂತಲ್ಲಿಂದಲೇ ಗುಡುಗಿದಳು: “ಅರೇ, ನಂಬರ್ ಟಿ.ವಿ.ಯಾಗ ಐತೇನು, ನಿಮ್ಮ ಕೊರಳಾಗ ಐತಿ! ಮುಟ್ಟಿ ನೋಡ್ಕೋರಿ. ಆ ಪೋರಿ ಉಪಾಸ ಬಂದಾಳ, ಕೆಲಸ ಮಾಡಾಕ ಬಿಡ್ರಿ!”

ಎಲ್ಲರ ಕೈಯೂ ಕೊರಳಿಗೆ ಹೋಯಿತು. ಚೀಟಿ ಇತ್ತು. ಕೋಲಿನ ಅಜ್ಜ ತನ್ನ ಚೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ಸಮಾಧಾನದಿಂದ ಕೂತ. ನಾನು ವಯರು ಕಿತ್ತೆ.

ಈ ಸಲ ಒಳಗೆ ಶುರು ಮಾಡಿದಾಗ ಹೊರಗೆ ನಿಶ್ಶಬ್ದ. ಒತ್ತಿದೆ. ಡೇಟಾಬೇಸ್ ಬಾಗಿಲು ತೆರೆದು ನನ್ನನ್ನು ಒಳಗೆ ಬರಮಾಡಿಕೊಂಡಿತು. ನಾನು ಕೂಗಿದೆನೋ ಏನೋ, ಮಾವ ಓಡಿಬಂದು, “ಹತ್ತೀತೇನ?” ಎಂದ. ದೇಸಾಯಿಯವರ ಹೆಸರಿಗೂ, ಅವರು ಹೇಳಿದ ಇನ್ನೊಬ್ಬ ಹಿರಿಯ ಸಿಬ್ಬಂದಿಯ ಹೆಸರಿಗೂ ಪೂರ್ತಿ ಅಧಿಕಾರ ಕೊಟ್ಟೆ. ತಂತ್ರಾಂಶಕ್ಕೆ ಅದರದೇ ಆದ ಒಂದು ಖಾತೆ ಮಾಡಿದೆ. ಡೇಟಾಬೇಸ್ ನಿಲ್ಲಿಸಿ, ಎಂದಿನಂತೆ ಎಲ್ಲರಿಗೂ ತೆರೆದೆ.

ಆದರೂ ಮುಗಿಯಲಿಲ್ಲ. ಶೋಭಾ ಎಂಬ ನರ್ಸ್ ಲೆನ್ಸ್ ಅಳತೆಯ ಪುಟ ತೆರೆದರೆ ‘ಅನುಮತಿ ಇಲ್ಲ’ ಎಂದು ಬಂತು. ಡಾಕ್ಟರ್ ಗಡಿಯಾರ ನೋಡಿದರು. ದೇಸಾಯಿಯವರು ಕಂಗಾಲಾಗಿ, “ಎಲ್ಲಾರಿಗೂ ಎಲ್ಲಾ ಕೊಟ್ಟಬಿಡ್ರಿ, ಸಾಕಾಗಿ ಹೋತು!” ಎಂದರು. ನನಗೆ ನಗು ಬಂತು. ನಿನ್ನೆ ಸಂಜೆ ಒಬ್ಬರಿಗೂ ಇಲ್ಲದ ಹಾಗೆ ಮಾಡಿದವರು ಇವತ್ತು ಎಲ್ಲರಿಗೂ ಕೊಡಲು ಹೊರಟಿದ್ದರು. “ಬ್ಯಾಡ್ರಿ ಸರ್. ಶೋಭಾ ಅವರು ಅಳತಿ ಓದಬೇಕು, ಅಷ್ಟ. ಗೊತ್ತಿಲ್ದ ತಿದ್ದೂಹಂಗ ಇರಬಾರದು” ಎಂದು ಆ ಪುಟಕ್ಕೆ ಓದುವ ಅನುಮತಿ ಮಾತ್ರ ಸೇರಿಸಿದೆ.

ಪುಟ ತೆರೆಯಿತು. ಸಾಲು ಸಾಲು ಹೆಸರು, ಊರು, ಎಡಗಣ್ಣು, ಬಲಗಣ್ಣು, ಅಳತೆ. ಶೋಭಾ ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಡಾಕ್ಟರ್ ಪ್ರತಿ ರೋಗಿಯ ಚೀಟಿ, ಹಣೆಯ ಪಟ್ಟಿಯೊಂದಿಗೆ ತಾಳೆ ನೋಡಿದರು. ಎಲ್ಲ ಸರಿಯಿತ್ತು. ದೇಸಾಯಿಯವರು ಯಾರೂ ಹೇಳದೆಯೇ ಪ್ರಿಂಟ್ ತೆಗೆಯತೊಡಗಿದರು, ಅದೂ ಎರಡೆರಡು ಪ್ರತಿ. ಟಿ.ವಿ.ಯ ವಯರು ಮತ್ತೆ ಸಿಕ್ಕಿಸಿದೆ. ‘ಟೋಕನ್ 1’ ಬಂತು. ಯಾರೂ ಏಳಲಿಲ್ಲ, ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಂಬಿಕೆಯೇ ಹೊರಟುಹೋಗಿತ್ತು! ಶೋಭಾ ಬಂದು ಮೊದಲನೆಯವರ ಕೈ ಹಿಡಿದು ಒಳಗೆ ಕರೆದೊಯ್ದರು. ಟಿ.ವಿ. ‘ಟೋಕನ್ 2’ ಎಂದಿತು. ಆಗ ನೋಡಿ, ಹಜಾರದವರು ಆಸ್ಪತ್ರೆ ಎಂಬುದನ್ನೂ ಮರೆತು ಸೀಟಿ ಹೊಡೆದರು.

ಆ ರಾತ್ರಿ ತಂಗಿಯ ಮನೆಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ದೇಸಾಯಿಯವರು, “ಪಟ್ಟಿ ಬಿಚ್ಚೂದ ನೋಡಾಕ ಬರ್ರಿ” ಎಂದು ಫೋನ್ ಮಾಡಿ ಕರೆದರು. ಇಷ್ಟು ವರ್ಷದ ಕೆಲಸದಲ್ಲಿ ನಾನು ಸರಿಪಡಿಸಿದ ಸರ್ವರ್‌ನಿಂದ ಮುಂದೆ ಏನಾಗುತ್ತದೆಂದು ನನ್ನನ್ನು ಯಾರೂ ಕರೆದು ತೋರಿಸಿರಲಿಲ್ಲ. ಹೋದೆ.

ಹಜಾರದಲ್ಲಿ ಆಪರೇಶನ್ ಆದವರೆಲ್ಲ ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಸಾಲಾಗಿ ಕೂತಿದ್ದರು. ಶೋಭಾ ಒಂದೊಂದೇ ಬಿಚ್ಚುತ್ತ ಬಂದರು. ತುಳಸಾಬಾಯಿಯ ಸರದಿ. ಅವಳು ಮೆಲ್ಲಗೆ ರೆಪ್ಪೆ ತೆರೆದಳು. ಕಿಟಕಿ ನೋಡಿದಳು. ತನ್ನ ಕೈ ನೋಡಿಕೊಂಡಳು, ಅಂಗೈ, ಹಿಂಗೈ. “ಆಯಿ, ಹೆಂಗದೀರಿ?” ಎಂದೆ.

ದನಿ ಕೇಳಿ ನನ್ನ ಕಡೆ ತಿರುಗಿದಳು. “ಇಕಿ ಏನ! ನಿನ್ನಿ ದನಿ ಕೇಳಿ ದೊಡ್ಡ ಆಫೀಸರಬಾಯಿ ಇರಬೇಕ ಅನ್ಕೊಂಡಿದ್ದೆ. ನೋಡಿದ್ರ ಖರೇನ ಪೋರಿ ಇದ್ದಿ.” ಗಲ್ಲ ಹಿಡಿದು ನೋಡಿ ದೃಷ್ಟಿ ತೆಗೆದಳು.

ಆಮೇಲೆ ನಿಧಾನಕ್ಕೆ ಗಂಡನ ಕಡೆ ತಿರುಗಿದಳು. ವಿಠೋಬಾ ಅಜ್ಜ ರುಮಾಲು ಸರಿಮಾಡಿಕೊಂಡು, ಸ್ವಲ್ಪ ನಾಚಿಕೊಂಡು ಕೂತಿದ್ದ. ಅವಳು ಬಹಳ ಹೊತ್ತು ನೋಡಿದಳು. ಶೋಭಾ ಅವರ ಕಣ್ಣಲ್ಲಿ ನೀರು ತುಂಬಿತು, ನಾನೂ ಸೆರಗಿಗಾಗಿ ತಡಕಾಡಿದೆ.

“ಮನಿಗೆ ನಡಿ” ಎಂದಳು ತುಳಸಾಬಾಯಿ. “ಇನ್ನ ಮ್ಯಾಲ ಕವಡಿ ಎಣಸೂದು ನಾನ.”

ಅಜ್ಜನ ಮುಖ ಇಳಿಯಿತು.

ಅವಳು ನಮ್ಮೆಲ್ಲರಿಗೂ ಕೇಳುವ ಹಾಗೆ ದೂರು ಕೊಟ್ಟಳು: “ದಿನಾ ಮಧ್ಯಾಹ್ನ ಇಬ್ಬರೂ ಚೌಕಾಬಾರ ಆಡತೀವ್ರಿ. ನನ್ನ ಕಣ್ಣ ಹೋದಾಗಿಂದ ಇಂವಂದ ರಾಜ್ಯ. ಇಂವ ಕವಡಿ ಒಗದ್ರ ಎಂಟ ಬಿತ್ತು, ನಾ ಒಗದ್ರ ಒಂದ ಬಿತ್ತು ಅಂತಾನ! ಎರಡ ವರ್ಷ ಆತು, ಒಂದ ದಿನಾನೂ ನಾ ಗೆದ್ದಿಲ್ಲ. ದೇವರ ಅಷ್ಟ ಕೈಬಿಡತಾನೇನ್ರಿ?”

ವಿಠೋಬಾ ಅಜ್ಜ ಎದ್ದು ಡಾಕ್ಟರಿಗೆ ಕೈ ಮುಗಿದ: “ಸಾಹೇಬ್ರ, ಇನ್ನೊಂದ ಕಣ್ಣಿನ ಆಪರೇಶನ್ ಇಕಿಗೆ ಬ್ಯಾಡ್ರಿ.”

ಡಾಕ್ಟರ್ ನಕ್ಕ ರಭಸಕ್ಕೆ ಅವರ ಕೈಯಲ್ಲಿದ್ದ ಟಾರ್ಚು ಕೆಳಗೆ ಬಿತ್ತು. ಪಟ್ಟಿ ಬಿಚ್ಚದವರೂ ನಗುತ್ತಿದ್ದರು. ಶೋಭಾ, “ಜೋರ ನಗಬ್ಯಾಡ್ರಿ, ಕಣ್ಣಿಗೆ ಜೋರ ಬೀಳತೈತಿ” ಎಂದು ಬೈಯುತ್ತಲೇ ತಾವೂ ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿ ನಿಂತರು.

ಕೆಲ ದಿನಗಳ ನಂತರ ಜೋಶಿಯವರೂ ಯಾತ್ರೆ ಮುಗಿಸಿ ಬಂದು ಫೋನ್ ಮಾಡಿದರು. “ಕೇದಾರದಾಗ ಪಾಳಿ ಹಚ್ಚಿ ನಿಂತಾಗ ನೆನಪಾತ್ರಿ, ಇನ್ನೊಬ್ಬರ ಹೆಸರ ಸೇರಸೂದ ಬಿಟ್ಟ ಬಂದೆ ಅಂತ. ಫೋನ್ ಹತ್ತಲಿಲ್ಲ. ದೇವರ ಮ್ಯಾಲ ಹಾಕಿ ದರ್ಶನ ಮಾಡಿದೆ” ಎಂದರು. ಇಬ್ಬರೂ ಮನಸಾರೆ ನಕ್ಕೆವು.

ನನ್ನ ಕೆಲಸ ಮೊದಲಿನಂತೆಯೇ ನಡೆದಿದೆ. ದಿನಕ್ಕೆ ಹತ್ತಾರು ಕರೆಗಳು ಬರುತ್ತವೆ. ಲಾಗಿನ್ ಆಗುತ್ತಿಲ್ಲ, ಅನುಮತಿ ಇಲ್ಲ ಎನ್ನುತ್ತಿದೆ, ಬೇಗ ನೋಡಿ. ಮುಂಚೆ ನಾನು ಮೊದಲು ಕೇಳುತ್ತಿದ್ದದ್ದು, ಪರದೆಯ ಮೇಲೆ ಏನು ಬರೆದಿದೆ ಎಂದು. ಅದನ್ನು ಈಗಲೂ ಕೇಳುತ್ತೇನೆ, ಆದರೆ ಎರಡನೆಯದಾಗಿ. ಮೊದಲು ಕೇಳುವುದು, “ಹೊರಗ ಯಾರ ಕುಂತಾರ್ರಿ?” ಎಂದು. ಕರೆ ಮಾಡಿದವರಿಗೆ ವಿಚಿತ್ರವೆನಿಸುತ್ತದೆ. ಆಮೇಲೆ ಕುರ್ಚಿ ಹಿಂದೆ ಸರಿಸಿದ ಸದ್ದು ಕೇಳುತ್ತದೆ. ಎದ್ದು ಹೋಗಿ ನೋಡಿ ಬರುತ್ತಾರೆ.